ಜೀವ ಇರುವ ಗುಳಿಗೆಯೂ ನನ್ನ ಬೆನ್ನೂ

ಮೈ ತುರಿಸಿಕೊಳ್ಳುತ್ತಾ ಕೂತವನು ನಗೆಯ ಸಂಗತಿಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವು ತಾವಾಗಿಯೇ ಬಂದು ಅವನ ಜಗಲಿಯಲ್ಲಿ ಕೂರುತ್ತವೆ. ಇದು ನಾನು ಒಂದು ವರ್ಷದಲ್ಲಿ ಕಂಡುಕೊಂಡ ಸತ್ಯ.

ಪುಂಜಾಲಕಟ್ಟೆಯಲ್ಲಿ ನನ್ನದೊಂದು ಹುಡಿಯ ಮಿಲ್ಲು ಉಂಟು. ಅಕ್ಕಿ, ಗೋಧಿ, ಮೆಣಸು, ಕೊತ್ತಂಬರಿ, ಊರಿನವರು ಏನು ತಂದರೂ ಹುಡಿ ಮಾಡಿ ಕೊಡುವುದು ಕಸುಬು. ಬೆಳಿಗ್ಗೆ ಮಿಂದು, ದೇವರಿಗೆ ನೀರೆರೆದು ಹೂವಿಟ್ಟು, ಆಮೇಲೆ ಮಿಲ್ಲಿನ ಬಾಗಿಲು ತೆಗೆಯುವವ ನಾನು. ಊರಿನ ಶಾಲೆಯಲ್ಲಿ ಕಲಿತದ್ದು ಎಷ್ಟೋ ಅಷ್ಟೇ ವಿದ್ಯೆ. ಹಾಗಾಗಿ ಮುಂದೆ ಬರುವ ವೈದ್ಯಕೀಯದ ಮಾತುಗಳಲ್ಲಿ ತಪ್ಪಿದ್ದರೆ ಅದು ನನ್ನದು, ಸರಿ ಇದ್ದರೆ ನನಗೆ ಮದ್ದು ಕೊಟ್ಟ ಡಾಕ್ಟ್ರಮ್ಮನದ್ದು.

ಮಳೆ ಬಿಟ್ಟ ಮೇಲೆ ನನಗೆ ತುರಿಕೆ ಶುರುವಾಯಿತು. ಮೊದಲು ಮೊಣಕೈಯ ಮಡಿಕೆಯಲ್ಲಿ, ಮತ್ತೆ ಕುತ್ತಿಗೆಯಲ್ಲಿ, ಕೊನೆಗೆ ಹೆಗಲು ಮತ್ತು ಬೆನ್ನು ಪೂರ್ತಿ. ಚರ್ಮ ಕೆಂಪಾಗಿ, ಒರಟಾಗಿ, ಮುಟ್ಟಿದರೆ ತೆಂಗಿನ ಮರ ಮುಟ್ಟಿದ ಹಾಗೆ ಆಯಿತು. ಸುಮ್ಮನೆ ತುರಿಸಿಕೊಂಡು ಇದ್ದುಬಿಡಬಹುದಿತ್ತು. ಆದರೆ ಅದೇ ಸಮಯಕ್ಕೆ ಮಗಳ ಮದುವೆ ನಿಶ್ಚಯವಾಯಿತು. ಮೂಡುಬಿದಿರೆಯ ಕಡೆಯ ಒಳ್ಳೆಯ ಮನೆತನ. ಮದುವೆ ವೈಶಾಖದಲ್ಲಿ. ನಮ್ಮ ಕ್ರಮದಲ್ಲಿ ಧಾರೆ ಎರೆಯುವ ಅಪ್ಪ ಅಂಗಿ ಹಾಕುವಂತಿಲ್ಲ. ಪಂಚೆ ಉಟ್ಟು, ಹೆಗಲಿಗೆ ಒಂದು ಶಾಲು ಹಾಕಿ, ಬರಿಮೈಯಲ್ಲಿ ಇಡೀ ಸಭೆಯ ಎದುರು ಕೂರಬೇಕು.

ಬೆಳ್ತಂಗಡಿಯಲ್ಲಿರುವ ನನ್ನ ಅಣ್ಣ ಬಂದವ ಬೆನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಈ ಬೆನ್ನು ತೆಗೆದುಕೊಂಡು ನೀನು ಮಂಟಪದಲ್ಲಿ ಕೂತರೆ ಬೀಗರ ಕಡೆಯವರು ಊಟ ಮಾಡದೆ ಎದ್ದು ಹೋಗ್ತಾರೆ ಮಾರಾಯ. ನಾನೂ ನಿನ್ನ ಅತ್ತಿಗೆಯೂ ಕೂರುತ್ತೇವೆ. ಧಾರೆ ನಾವು ಎರೆಯುವ.”

ಅಣ್ಣನ ಮಾತಿಗೆ ಎದುರಾಡಿ ನನಗೆ ಅಭ್ಯಾಸ ಇಲ್ಲ. ಅವನು ಹೋದ ಮೇಲೆ ಮಗಳು ಒಳಗಿನಿಂದ ಬಂದು ನನ್ನ ಹತ್ತಿರ ನಿಂತಳು. “ದೊಡ್ಡಪ್ಪ ಅಲ್ಲ ಅಪ್ಪ, ನೀವೇ ಎರೆಯಬೇಕು” ಅಂದಳು. ಅಷ್ಟೇ ಹೇಳಿ ಒಳಗೆ ಹೋದಳು. ನಮಗೆ ಇರುವುದು ಅವಳೊಬ್ಬಳೇ. ವೈಶಾಖದ ಒಳಗೆ ಈ ಬೆನ್ನನ್ನು ಸಭೆಗೆ ತೋರಿಸುವ ಹಾಗೆ ಮಾಡಲೇಬೇಕು ಅಂತ ಆ ದಿನ ದೇವರ ಎದುರು ಹೇಳಿಕೊಂಡೆ.

ಪಥ್ಯ

ಮಿಲ್ಲಿನಲ್ಲಿ ಸರದಿಗೆ ಕಾಯುವವರಿಗೆ ಮಾತಿಗೊಂದು ವಿಷಯ ಬೇಕು. ನನ್ನ ಮೈ ಅವರಿಗೆ ಸಿಕ್ಕಿತು.

ಅಕ್ಕಿ ಹಿಡಿದುಕೊಂಡು ನಿಂತವರೊಬ್ಬರು, “ನೀವು ಬದನೆ ಬಿಡಿ. ಅದು ನಂಜು” ಅಂದರು. ಅವರ ಹಿಂದಿನವರು, “ಬದನೆ ಮಾತ್ರ ಬಿಟ್ಟರೆ ಸಾಲದು, ಉದ್ದು ಬಿಡಬೇಕು” ಅಂದರು. ಮೂರನೆಯವರು ಕೆಸುವನ್ನೂ ಹುಳಿಯನ್ನೂ ಸೇರಿಸಿದರು. ಮೆಣಸು ತಂದಿದ್ದ ಹೆಂಗಸೊಬ್ಬಳು, ತನ್ನ ಕೈಯಲ್ಲಿ ಚೀಲದ ತುಂಬ ಮೆಣಸು ಇದ್ದರೂ, “ಮೆಣಸು ಮುಟ್ಟಲೇಬಾರದು” ಅಂದಳು. ಹಲಸು, ಗೆಣಸು, ನೆಲಗಡಲೆ, ತೆಂಗಿನಕಾಯಿ, ಒಂದೊಂದಾಗಿ ಎಲ್ಲವೂ ನನ್ನ ಎಲೆಯಿಂದ ಎದ್ದು ಹೋದವು.

ಮೂಲೆಯಲ್ಲಿ ಕೂತಿದ್ದ ಮುದುಕಿ ಕೇಳಿದಳು: “ಹಾಗಾದರೆ ಅವರು ಎಂತ ತಿನ್ನುವುದು?”

“ಗಂಜಿ ಕುಡಿಯಲಿ.”

“ನೆಂಚಿಕೊಳ್ಳಲಿಕ್ಕೆ ಉಪ್ಪಿನಕಾಯಿ?”

“ಅಯ್ಯೋ! ಅದು ನಂಜಿಗೆ ತಾಯಿ.”

“ಇಷ್ಟೆಲ್ಲ ಬಿಟ್ಟರೆ ಗುಣ ಆಗ್ತದಾ?” ಅಂತ ನಾನು ಕೇಳಿದೆ.

ಉತ್ತರ ಕೊಟ್ಟದ್ದು ಆ ಮುದುಕಿಯೇ. “ಆಗದೆ ಏನು? ತುರಿಸುವುದಕ್ಕೆ ಕೈ ಎತ್ತಬೇಕಾದರೆ ಮೈಯಲ್ಲಿ ತ್ರಾಣ ಬೇಕಲ್ಲ!”

ನಾಗನಿಗೆ ಹೇಳಿದ್ದು

ಚರ್ಮದ ತೊಂದರೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ನಾಗ. ನಾನೂ ಹಾಗೆಯೇ ನಂಬಿದವ, ಈಗಲೂ ನಂಬುವವ. ಪುರೋಹಿತರನ್ನು ಕರೆಸಿ ನಮ್ಮ ನಾಗಬನದಲ್ಲಿ ತಂಬಿಲದ ಸೇವೆ ಮಾಡಿಸಿದೆ. ಹಾಲು, ಸೀಯಾಳ, ಅರಸಿನ, ಅಡಿಕೆಯ ಹಿಂಗಾರ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೈಮುಗಿದು, ಮಗಳ ಧಾರೆ ನನ್ನ ಕೈಯಿಂದಲೇ ಆಗುವ ಹಾಗೆ ಮಾಡು ಅಂತ ಪ್ರಾರ್ಥನೆ ಮಾಡಿದೆ.

ಪುರೋಹಿತರು ಪ್ರಸಾದ ಕೊಟ್ಟರು. ಇನ್ನೂ ದೊಡ್ಡ ಸೇವೆ ಏನಾದರೂ ಹೇಳುತ್ತಾರೋ ಅಂತ ನಾನು ಕೈಮುಗಿದೇ ನಿಂತಿದ್ದೆ.

“ನಾಗನಿಗೆ ಹೇಳಿ ಆಯಿತು” ಅಂದರು ಅವರು. “ಇನ್ನು ಬಿ.ಸಿ.ರೋಡಿನಲ್ಲಿ ಚರ್ಮದ ಡಾಕ್ಟ್ರಮ್ಮ ಇದ್ದಾರೆ. ಅವರಿಗೂ ಹೇಳಿ.”

ನನಗೆ ಸ್ವಲ್ಪ ಬೇಸರವಾಯಿತು. “ನನ್ನ ನಂಬಿಕೆ ಸಾಲದು ಅಂತಲಾ?”

“ನಂಬಿಕೆ ಬೇಕಾದಷ್ಟು ಉಂಟು. ಆದರೆ ನಾಗ ಯಾರ ಕೈಯಿಂದ ಗುಣ ಮಾಡಿಸ್ತಾನೆ ಅಂತ ನೀವೇ ತೀರ್ಮಾನ ಮಾಡಿಬಿಟ್ಟರೆ ಹೇಗೆ?”

ಇಂಥ ಮಾತು ಹೇಳುವವರು ಸಿಗುವುದು ಅಪರೂಪ. ಮನಸ್ಸಿನಲ್ಲಿಯೇ ನಮಸ್ಕಾರ ಮಾಡಿದೆ. ಮರುದಿನವೇ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋದೆ. ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ಪಕ್ಕಕ್ಕೆ ತಿರುಗಿದರೆ ಅಲ್ಲಿ ಅದೇ ಪುರೋಹಿತರು! ಎರಡು ಕೈಯೂ ಬೆರಳಿನಿಂದ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಸೇವಂತಿಗೆ ಹೂ ಮುಟ್ಟಿದರೆ ಅವರಿಗೆ ಹಾಗೆ ಆಗುತ್ತದಂತೆ. ಪುರೋಹಿತರಿಗೆ ಸೇವಂತಿಗೆ ಮುಟ್ಟದೆ ದಿನ ಹೋಗುವುದುಂಟಾ!

“ನೀವು ಇಲ್ಲಿ?” ಅಂದೆ.

ಅವರು ಸ್ವಲ್ಪವೂ ಅಳುಕದೆ ಹೇಳಿದರು: “ನಾಗನಿಗೆ ನಿಮ್ಮ ವಿಷಯ ಹೇಳುವ ಗಡಿಬಿಡಿಯಲ್ಲಿ ನನ್ನದು ಹೇಳಲಿಕ್ಕೆ ಮರೆತು ಹೋಯಿತು.”

ಮೊಸರು ಮಾಡುವವರು ಯಾರು

ಡಾಕ್ಟ್ರಮ್ಮ ಚಿಕ್ಕ ಪ್ರಾಯದವರು, ಬಂಟ್ವಾಳದ ಕಡೆಯವರೇ. ಬೆನ್ನು ನೋಡಿದರು, ಚೀಟಿ ಬರೆದರು, ಮುಗಿಯಿತು ಅಂತ ಆಗುತ್ತದೆ ಎಂದು ಎಣಿಸಿದ್ದೆ. ಹಾಗಲ್ಲ. ಏನು ಕೆಲಸ, ಯಾವ ಸಾಬೂನು, ಬಟ್ಟೆ ಒಗೆಯುವುದು ಯಾವುದರಲ್ಲಿ, ಚಿಕ್ಕಂದಿನಲ್ಲಿ ದಮ್ಮು ಇತ್ತಾ, ಮನೆಯಲ್ಲಿ ಬೇರೆ ಯಾರಿಗೆ ಉಂಟು, ಎಲ್ಲ ಕೇಳಿದರು. ಸಂಬಂಧ ನೋಡಲು ಬಂದ ಬೀಗರು ಕೂಡ ಅಷ್ಟು ಕೇಳಿರಲಿಲ್ಲ.

“ಮೀಯುವ ನೀರು ಎಷ್ಟು ಬಿಸಿ?”

“ಬಚ್ಚಲಿನ ಹಂಡೆಯದ್ದು. ಮಿಂದ ಹಾಗೆ ಆಗಬೇಕಲ್ಲ ಡಾಕ್ಟ್ರೇ.”

“ಮಿಂದ ಹಾಗೆ ಆದರೆ ಸಾಕು, ಬೆಂದ ಹಾಗೆ ಆಗುವುದು ಬೇಡ.”

ಇದು ಅಲರ್ಜಿಯಿಂದ ಬರುವ ಚರ್ಮದ ಉರಿಯೂತ ಅಂತ ಅವರು ತಿಳಿಸಿ ಹೇಳಿದರು. ಒಬ್ಬರಿಂದ ಒಬ್ಬರಿಗೆ ಹರಡುವುದಲ್ಲ. ಬನಿಯನ್ನಿನಲ್ಲಿ ಮಿಲ್ಲು ನಡೆಸುವಾಗ ಬೆವರಿನ ಮೇಲೆ ಹುಡಿ ಕೂತು ಹೆಚ್ಚಾಗಿದೆ. ಮೈ ತುಂಬ ಹತ್ತಿಯ ಬಟ್ಟೆ ಹಾಕಬೇಕು, ಉಗುರುಬೆಚ್ಚಗಿನ ನೀರಿನಲ್ಲಿ ಮೀಯಬೇಕು, ಮೈ ಒದ್ದೆ ಇರುವಾಗಲೇ ಕ್ರೀಮು ದಪ್ಪ ಹಚ್ಚಬೇಕು, ಕೆಂಪಾದಲ್ಲಿಗೆ ಮಾತ್ರ ಇನ್ನೊಂದು ಮುಲಾಮು. ಕೊನೆಗೆ ಒಳಗೆ ಹುಡಿ ತುಂಬಿದ ಒಂದು ಗುಳಿಗೆಯ ಹೆಸರೂ ಬರೆದರು.

“ಇದರಲ್ಲಿ ಜೀವ ಇರುವ ಬ್ಯಾಕ್ಟೀರಿಯಾ ಉಂಟು. ಒಳ್ಳೆಯ ಜಾತಿಯವು. ಹೊಟ್ಟೆಯೊಳಗೆ ಸರಿ ಇದ್ದರೆ ಕೆಲವರಿಗೆ ಚರ್ಮವೂ ಸ್ವಲ್ಪ ಸುಧಾರಿಸ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. ನಿಮಗೆ ಹಿಡೀತದಾ ಇಲ್ಲವಾ ನನಗೂ ಗೊತ್ತಿಲ್ಲ, ಸ್ವಲ್ಪ ಸಮಯ ನೋಡುವ. ಇದು ಉಂಟು ಅಂತ ಕ್ರೀಮು ಬಿಡಬಾರದು.”

ಗೊತ್ತಿಲ್ಲ ಅಂತ ಹೇಳುವ ಡಾಕ್ಟರನ್ನು ನಾನು ಮೊದಲು ಕಂಡದ್ದು ಅಲ್ಲಿ. ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದೂ ಆ ಒಂದು ಮಾತಿನಿಂದಲೇ. ಆದರೂ ಸಂಶಯ ಹೋಗಲಿಲ್ಲ.

“ಬ್ಯಾಕ್ಟೀರಿಯಾ ಅಂದರೆ ರೋಗ ತರುವಂಥದ್ದಲ್ಲವಾ ಡಾಕ್ಟ್ರೇ?”

“ನಿಮ್ಮ ಮನೆಯಲ್ಲಿ ಮೊಸರು ಮಾಡುವುದು ಯಾರು?”

“ನನ್ನ ಹೆಂಡತಿ.”

“ಅಲ್ಲ. ಬ್ಯಾಕ್ಟೀರಿಯಾ.”

“ಆಗಬಹುದು ಡಾಕ್ಟ್ರೇ. ಆದರೆ ಈ ಮಾತು ಅವಳಿಗೆ ನಾನು ಹೇಳುವುದಿಲ್ಲ. ನೀವೇ ಹೇಳಿ.”

ಹೆಪ್ಪು

ಆದರೂ ಮನೆಗೆ ಬಂದು ಹೆಂಡತಿಗೆ ಅರ್ಧ ಹೇಳಿದೆ. ಗುಳಿಗೆಯ ಒಳಗೆ ಇರುವುದು ಮೊಸರಿನಲ್ಲಿ ಇರುವಂಥದ್ದೇ, ಜೀವ ಇರುವಂಥದ್ದು, ಫ್ರಿಜ್ಜಿನಲ್ಲಿ ಇಡಬೇಕು ಅಂದೆ. ಅವಳು ಒಂದು ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, “ಹೆಪ್ಪು ಅಂತ ಹೇಳಿ, ಅಷ್ಟೇ” ಅಂದಳು.

ಕೆಲವು ದಿನ ಕಳೆದು ಬೀಗರ ಕಡೆಯ ಹೆಂಗಸರು ಸೀರೆಯ ವಿಷಯ ಮಾತನಾಡಲು ಮೂಡುಬಿದಿರೆಯಿಂದ ಬರುವವರಿದ್ದರು. ಹಿಂದಿನ ದಿನ ಹಾಲು ಕಾಯಿಸಿ ಆರಿಸಿ ನೋಡುವಾಗ ಮನೆಯಲ್ಲಿ ಹೆಪ್ಪಿಗೆ ಒಂದು ಚಮಚ ಮೊಸರೂ ಇಲ್ಲ. ಹೊಸ ಸಂಬಂಧದವರಿಗೆ ಮೊಸರಿಲ್ಲದ ಊಟ ಹಾಕುವುದುಂಟಾ? ಹೆಂಡತಿ ನನ್ನಲ್ಲಿ ಕೇಳಲಿಲ್ಲ, ನಾನು ಮಿಲ್ಲಿನಲ್ಲಿದ್ದೆ. ಫ್ರಿಜ್ಜಿನಿಂದ ನನ್ನ ಗುಳಿಗೆಗಳನ್ನು ತೆಗೆದು ಒಂದೊಂದನ್ನೇ ಬಿಡಿಸಿ ಹಾಲಿಗೆ ಉದುರಿಸಿದಳು. ಒಂದೆರಡು ಹಾಕಿದರೆ ನಂಬಿಕೆ ಬರಲಿಲ್ಲವಂತೆ, ಇದ್ದದ್ದನ್ನೆಲ್ಲ ಹಾಕಿದಳು.

ದೇವರ ದಯೆ, ಮರುದಿನ ಮೊಸರು ಕತ್ತಿಯಲ್ಲಿ ಕೊಯ್ದು ತೆಗೆಯಬೇಕು, ಹಾಗೆ ಬಂದಿತ್ತು. ಬೀಗರ ಹೆಂಗಸರು ಎರಡೆರಡು ಸಲ ಹಾಕಿಸಿಕೊಂಡರು. ಹೋಗುವಾಗ ನಮ್ಮ ಬೀಗಿತ್ತಿ ಒಂದು ಸಣ್ಣ ಡಬ್ಬಿ ಮುಂದೆ ಹಿಡಿದು, “ಇಂಥ ಮೊಸರು ನಮ್ಮಲ್ಲಿ ಆಗುವುದಿಲ್ಲ, ಸ್ವಲ್ಪ ಹೆಪ್ಪು ಕೊಡಿ” ಅಂತ ಕೇಳಿ ತೆಗೆದುಕೊಂಡು ಹೋದರು.

ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಈ ಸಂಗತಿಯನ್ನು ಡಾಕ್ಟ್ರಮ್ಮನಿಗೆ ನನ್ನ ಹೆಂಡತಿಯೇ ಹೇಳಿದಳು, ಯಾವ ಸಂಕೋಚವೂ ಇಲ್ಲದೆ. ಬೈಯುತ್ತಾರೆ ಅಂತ ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವವರೆಗೆ ನಕ್ಕರು. “ಇದು ಚರ್ಮಕ್ಕೆ ಕೆಲಸ ಮಾಡ್ತದೆ ಅಂತ ನಾನು ಗ್ಯಾರಂಟಿ ಕೊಟ್ಟಿರಲಿಲ್ಲ. ಮೊಸರಿಗೆ ಮಾಡ್ತದೆ ಅಂತ ನೀವು ತೋರಿಸಿಕೊಟ್ಟಿರಿ. ಆದರೆ ಇನ್ನು ಇವರ ಮದ್ದು ಇವರಿಗೇ ಇರಲಿ.”

ಹೊರಗೆ ಬಂದು ಹೆಂಡತಿ ಸಮಾಧಾನ ಹೇಳಿದಳು: “ಯೋಚನೆ ಮಾಡಬೇಡಿ. ಮಗಳಿಗಿಂತ ಮೊದಲು ನಿಮ್ಮ ಮದ್ದು ಮೂಡುಬಿದಿರೆಗೆ ಹೋಗಿ ಸೇರಿತು, ಚೆನ್ನಾಗಿ ಹೊಂದಿಕೊಂಡಿದೆಯಂತೆ.”

ಏಕಾದಶಿ

ನಮ್ಮ ಪೇಟೆಯ ಮೆಡಿಕಲ್ ಅಂಗಡಿಯ ಸಾಹೇಬರು ಬ್ಯಾರಿಗಳು. ದುಬಾಯಿಯಲ್ಲಿ ಮದ್ದಿನ ಅಂಗಡಿಯಲ್ಲಿ ಕೆಲಸ ಮಾಡಿ ಬಂದು ಇಲ್ಲಿ ಸ್ವಂತದ್ದು ಹಾಕಿದವರು. ಕರೆಂಟು ಹೋದರೆ ಮೊದಲು ಫ್ರಿಜ್ಜಿನ ಜನರೇಟರು ಹಾಕಿ, ಆಮೇಲೆ ತನ್ನ ಫ್ಯಾನಿನ ಆಲೋಚನೆ ಮಾಡುವವರು. “ನಿಮ್ಮ ಗುಳಿಗೆಗೆ ಜೀವ ಉಂಟಲ್ಲ ಮಾರಾಯ್ರೆ, ಸೆಕೆ ಆಗ್ತದೆ ಅದಕ್ಕೆ” ಅನ್ನುತ್ತಿದ್ದರು.

ಏಕಾದಶಿಯ ಹಿಂದಿನ ದಿನ ನನಗೆ ಒಂದು ಸಂಶಯ ಬಂತು. ಉಪವಾಸದ ದಿನ ಈ ಗುಳಿಗೆ ತೆಗೆದುಕೊಳ್ಳಬಹುದಾ? ಈ ಪ್ರಶ್ನೆಯನ್ನು ನಾನು ಸಾಹೇಬರಲ್ಲಿಯೇ ಕೇಳಿದೆ. ಉಪವಾಸ ಅಂದರೆ ಏನು ಅಂತ ಅವರಷ್ಟು ಸರಿಯಾಗಿ ತಿಳಿದವರು ನಮ್ಮ ಪೇಟೆಯಲ್ಲಿ ಇಲ್ಲ. ರಂಜಾನಿನ ತಿಂಗಳು ಹಗಲಿಡೀ ಒಂದು ತೊಟ್ಟು ನೀರು ಮುಟ್ಟದೆ, ನಿಂತ ಕಾಲಿನಲ್ಲಿ ಊರಿಗೆಲ್ಲ ಗ್ಲೂಕೋಸ್ ಕೊಡುವವರು ಅವರು.

“ನಮ್ಮಲ್ಲಿ ಗಂಟಲಿನಿಂದ ಕೆಳಗೆ ಇಳಿದರೆ ಮುಗಿಯಿತು, ಉಪವಾಸ ಹೋಯಿತು” ಅಂದರು. “ನಾನು ನನ್ನ ಮಾತ್ರೆಯನ್ನು ಬೆಳಗಿನ ಜಾವದ ಊಟದ ಜೊತೆ ತಗೊಳ್ತೇನೆ. ನಿಮ್ಮಲ್ಲಿ ಹೇಗೆ?”

“ನಮ್ಮಲ್ಲಿ ಅನ್ನ ಉಣ್ಣಲಿಕ್ಕಿಲ್ಲ.”

“ಅವಲಕ್ಕಿ?”

“ಅದು ಫಲಾಹಾರ. ನಮ್ಮ ಮನೆಯಲ್ಲಿ ನಡೀತದೆ.”

“ಸಜ್ಜಿಗೆ?”

“ಅದೂ ನಡೀತದೆ.”

“ಬಾಳೆಹಣ್ಣು, ಹಾಲು?”

“ಧಾರಾಳ.”

“ಸಾಬಕ್ಕಿ ಪಾಯಸ?”

“ಅದು ದೇವರಿಗೆ ನೈವೇದ್ಯಕ್ಕೆ ಮಾಡಿರ್ತದೆ. ಬಿಡುವ ಹಾಗಿಲ್ಲ.”

ಸಾಹೇಬರು ಗುಳಿಗೆಯ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟು ಬಹಳ ಗೌರವದಿಂದ ಹೇಳಿದರು: “ತಗೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಇಷ್ಟು ದೊಡ್ಡ ಉಪವಾಸದ ನಡುವೆ ಇದಕ್ಕೆ ಜಾಗ ಸಿಗ್ತದಾ ಅಂತ ನನಗೆ ಸಂಶಯ.”

ವೇಣೂರಿನ ಅಮ್ಮ

ಒಂದು ದಿನ ಕ್ಲಿನಿಕ್ಕಿನಲ್ಲಿ ನನಗಿಂತ ಮೊದಲಿನ ಸರದಿ ವೇಣೂರಿನ ಜೈನರ ಮನೆಯ ಒಬ್ಬ ಪ್ರಾಯದ ಅಮ್ಮನದ್ದು. ಕುತ್ತಿಗೆಯ ಸುತ್ತ ನನ್ನದೇ ತರದ ಕೆಂಪು. ಬಾಗಿಲಿಗೆ ಪರದೆ ಮಾತ್ರ, ಹಾಗಾಗಿ ಒಳಗಿನ ಮಾತು ಹೊರಗೆ ಕೇಳುತ್ತದೆ. ಆ ಅಮ್ಮ ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದವರು, ನೆಲದಡಿಯ ಗಡ್ಡೆ ಮುಟ್ಟದವರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು. ಇಷ್ಟನ್ನೂ ಅವರು ಕೂತ ಕೂಡಲೇ ಡಾಕ್ಟ್ರಮ್ಮನಿಗೆ ಹೇಳಿದರು.

ಗುಳಿಗೆಯ ವಿಷಯ ಬಂದಾಗ ಕೇಳಿದರು: “ಜೀವ ಇರುವಂಥದ್ದು ಅಂದಿರಲ್ಲ ಮಗಳೇ, ಒಂದು ಗುಳಿಗೆಯಲ್ಲಿ ಎಷ್ಟು ಜೀವ ಉಂಟು?”

“ಕೋಟಿಗಟ್ಟಲೆ ಅಮ್ಮ.”

ಒಳಗೆ ಕುರ್ಚಿ ಸರಿದ ಸದ್ದು ಕೇಳಿತು. ಅಮ್ಮ ಎದ್ದು ನಿಂತಿದ್ದರು. “ನನ್ನಿಂದ ಆಗದು. ಹೊಟ್ಟೆಗೆ ಹೋಗಿ ಅವು ಸಾಯುವುದಿಲ್ಲವಾ?”

ಬೇರೆ ಯಾರಾದರೂ ಆಗಿದ್ದರೆ ಏನಾದರೂ ಸುಳ್ಳು ಹೇಳಿ ನುಂಗಿಸುತ್ತಿದ್ದರು. ಡಾಕ್ಟ್ರಮ್ಮ, “ಕೆಲವು ದಾರಿಯಲ್ಲಿ ಸಾಯುತ್ತವೆ ಅಮ್ಮ. ಉಳಿದವು ಬದುಕುತ್ತವೆ. ನಿಮಗೆ ಮನಸ್ಸಿಲ್ಲದಿದ್ದರೆ ಬೇಡ, ಅದು ಇಲ್ಲದೆಯೂ ನಡೀತದೆ. ಕ್ರೀಮು ಸರಿಯಾಗಿ ಹಚ್ಚಿದರೆ ಸಾಕು” ಅಂತ ಗುಳಿಗೆಯ ಹೆಸರನ್ನು ಹೊಡೆದು ಹಾಕಿದರು. ಹೊರಗೆ ಕೂತ ನನಗೆ ಇಬ್ಬರ ಮೇಲೂ ಒಟ್ಟಿಗೆ ಗೌರವ ಬಂತು.

ಅಮ್ಮ ಪುನಃ ಕೂತರು. ಮತ್ತೆ ಕೇಳಿದರು: “ಚರ್ಮದ ಮೇಲೆಯೂ ಅಂಥವು ಇರ್ತಾವಾ?”

“ಇರ್ತಾವೆ. ಎಲ್ಲರ ಮೈಮೇಲೂ ಇರ್ತಾವೆ.”

“ಕ್ರೀಮು ಹಚ್ಚಿದರೆ ಅವಕ್ಕೆ?”

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟ ಸದ್ದು ಕೂಡ ನನಗೆ ಕೇಳಿತು. “ಒಣಗಿದ ಚರ್ಮದಲ್ಲಿ ಒಳ್ಳೆಯವು ಇರಲಾರವು ಅಮ್ಮ. ಕ್ರೀಮು ಹಚ್ಚಿದರೆ ಅವಕ್ಕೆ ತಂಪಾಗ್ತದೆ.”

“ಹಾಗಾ! ಪಾಪ. ಹಾಗಾದರೆ ನಾನು ಎರಡು ಹೊತ್ತೂ ದಪ್ಪ ಹಚ್ಚುತ್ತೇನೆ.”

ಅವರು ಹೋದ ಮೇಲೆ ನಾನು ಒಳಗೆ ಹೋದೆ. ಡಾಕ್ಟ್ರಮ್ಮ ಇನ್ನೂ ಪರದೆಯ ಕಡೆಗೇ ನೋಡುತ್ತಾ ಇದ್ದರು. “ಕ್ರೀಮು ದಪ್ಪ ಹಚ್ಚಿ, ದಪ್ಪ ಹಚ್ಚಿ ಅಂತ ದಿನಾ ಬಾಯಿ ಒಣಗಿಸಿಕೊಳ್ತೇನೆ, ಯಾರೂ ಕೇಳುವುದಿಲ್ಲ. ಇನ್ನು ತಮಗೋಸ್ಕರ ಬೇಡ, ಆ ಪಾಪದವಕ್ಕೋಸ್ಕರ ಹಚ್ಚಿ ಅಂತಲೇ ಹೇಳ್ತೇನೆ.”

ಅಣ್ಣನ ತಪಾಸಣೆ

ನಡುನಡುವೆ ಅಣ್ಣ ಬೆಳ್ತಂಗಡಿಯಿಂದ ಬಂದು ಬೆನ್ನು ನೋಡಿ 'ಆಗಬಹುದು', 'ಆಗದು' ಅಂತ ಹೇಳಿ ಹೋಗುತ್ತಿದ್ದ. ಅಂಗಳದ ಬಿಸಿಲಿನಲ್ಲಿ ನನ್ನನ್ನು ನಿಲ್ಲಿಸಿ, ಮಾವಿನಹಣ್ಣು ಆರಿಸುವ ಹಾಗೆ ಅತ್ತ ಇತ್ತ ತಿರುಗಿಸುತ್ತಿದ್ದ.

ಮೈ ನಿಧಾನಕ್ಕೆ ಸುಧಾರಿಸಿತು ಅನ್ನುವುದು ಸತ್ಯ. ಕ್ರೀಮಿನಿಂದಲಾ, ಬೆಚ್ಚಗಿನ ನೀರಿನಿಂದಲಾ, ಮಿಲ್ಲಿನಲ್ಲಿ ತೋಳು ಮುಚ್ಚುವ ಅಂಗಿ ಹಾಕಿದ್ದರಿಂದಲಾ, ಗುಳಿಗೆಯಿಂದಲಾ, ನಾಗನ ದಯೆಯಿಂದಲಾ ನಾನು ಹೇಳಲಾರೆ. ಡಾಕ್ಟ್ರಮ್ಮನಲ್ಲಿ ಕೇಳಿದರೆ ಅವರೂ, “ಇಂಥದ್ದರಿಂದಲೇ ಅಂತ ಹೇಳಲಿಕ್ಕೆ ಆಗುವುದಿಲ್ಲ. ಕಡಿಮೆ ಆಯಿತಲ್ಲ, ಸಂತೋಷ ಪಡುವ” ಅಂದರು.

ಮದುವೆಗೆ ಸ್ವಲ್ಪ ದಿನ ಇರುವಾಗ ಅಣ್ಣ ಕೊನೆಯ ಸಲ ಬಂದು ನೋಡಿದ.

“ಪರವಾಗಿಲ್ಲ” ಅಂದ. “ಸಭೆಗೆ ತೋರಿಸಬಹುದು. ಆದರೆ ಕೂತಲ್ಲಿ ತುರಿಕೆ ಬಂದರೆ ನೀನು ಮಂಗನ ಹಾಗೆ ಮಾಡ್ತೀ, ಮರ್ಯಾದೆ ಹೋಗ್ತದೆ. ಒಂದು ಕೆಲಸ ಮಾಡುವ. ನಾನು ಮಡಿಯಲ್ಲಿ ನಿನ್ನ ಹಿಂದೆಯೇ ನಿಂತಿರ್ತೇನೆ. ನಿನ್ನಿಂದ ಆಗದಿದ್ದರೆ ಒಂದು ಸನ್ನೆ ಮಾಡು, ನಾನು ಬಂದು ಕೂರ್ತೇನೆ.”

“ಅಣ್ಣ, ಇದು ಮದುವೆಯಾ, ಕ್ರಿಕೆಟ್ಟಾ?” ಅಂತ ನಾನು ಕೇಳಿದೆ. ಜೀವಮಾನದಲ್ಲಿ ನಾನು ಅವನಿಗೆ ಎದುರು ಹೇಳಿದ್ದು ಅಷ್ಟೇ.

ಧಾರೆ

ಮದುವೆ ಮೂಡುಬಿದಿರೆಯ ಸಭಾಭವನದಲ್ಲಿ. ಸಭೆ ತುಂಬಿತ್ತು. ಡಾಕ್ಟ್ರಮ್ಮನೂ ಬಂದಿದ್ದರು. ನಾನು ಅಂಗಿ ತೆಗೆದು ಮಂಟಪದಲ್ಲಿ ಕೂತೆ. ಯಾರೂ ಎದ್ದು ಹೋಗಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ. ಅಣ್ಣ ಹೇಳಿದ ಹಾಗೆಯೇ ಮಡಿ ಉಟ್ಟು ನನ್ನ ಹಿಂದೆ ಬಂದು ನಿಂತ.

ನಾನು ಗಮನಿಸದೆ ಹೋದದ್ದು ಶಾಲನ್ನು. ಬಳಗದವರು ಪ್ರೀತಿಯಿಂದ ಕೊಟ್ಟ ಹೊಸ ಶಾಲು, ಅಂಚಿನಲ್ಲಿ ದಪ್ಪ ಜರಿ. ವೈಶಾಖದ ಸೆಕೆ, ಎದುರಿಗೆ ಹೋಮದ ಬಿಸಿ, ಬೆವರು. ಆ ಜರಿ ಬೆನ್ನಿಗೆ ಉಜ್ಜುತ್ತಾ ಉಜ್ಜುತ್ತಾ, ಸರಿಯಾಗಿ ಮುಹೂರ್ತದ ಹೊತ್ತಿಗೆ ಬಲಗಡೆಯ ಹೆಗಲಿನ ಕೆಳಗೆ ಬೆಂಕಿಯ ಹಾಗೆ ತುರಿಕೆ ಎದ್ದಿತು.

ಆಗ ನನ್ನ ಎರಡು ಕೈಯೂ ಖಾಲಿ ಇಲ್ಲ. ಅಳಿಯನ ಕೈಯ ಮೇಲೆ ಮಗಳ ಕೈ, ಅವೆರಡನ್ನೂ ಹಿಡಿದ ನನ್ನ ಕೈಗಳು, ಮೇಲಿನಿಂದ ಹೆಂಡತಿ ಗಿಂಡಿ ಬಗ್ಗಿಸಿ ನೀರು ಎರೆಯುತ್ತಾ ಇದ್ದಾಳೆ. ಪುರೋಹಿತರು ಎರಡೂ ಕಡೆಯ ಮೂರು ತಲೆಮಾರಿನ ಹೆಸರು ಹೇಳುತ್ತಾ ಇದ್ದಾರೆ. ಕೈ ತೆಗೆದರೆ ಧಾರೆ ತುಂಡಾಯಿತು. ನನ್ನ ಹೆಗಲು ತನ್ನಷ್ಟಕ್ಕೆ ಕುಣಿಯಲು ಶುರುವಾಯಿತು. ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು.

ಹಿಂದಿನಿಂದ ಅಣ್ಣ ಬಗ್ಗಿದ್ದು ನನಗೆ ಗೊತ್ತಾಯಿತು. ಮುಗಿಯಿತು, ಇವ ಈಗ ನನ್ನನ್ನು ಎಬ್ಬಿಸಿ ತಾನು ಕೂರುತ್ತಾನೆ ಅಂತ ಎಣಿಸಿದೆ. ನಾನು ಮಗಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

ಅಣ್ಣ ನನ್ನ ಕಿವಿಯಲ್ಲಿ ಕೇಳಿದ: “ಎಲ್ಲಿ?”

“ಬಲಗಡೆ. ಸ್ವಲ್ಪ ಕೆಳಗೆ.”

ಅವನ ಕೈ ಶಾಲಿನ ಒಳಗೆ ಬಂತು. “ಇಲ್ಲಿಯಾ?” “ಇನ್ನೂ ಸ್ವಲ್ಪ.” “ಇಲ್ಲಿ?” “ಹಾಂ. ಅಲ್ಲಿಯೇ.” ಧಾರೆ ಮುಗಿಯುವವರೆಗೂ ಅವನು ಕೈ ತೆಗೆಯಲಿಲ್ಲ. ಪುರೋಹಿತರು ಓರೆಗಣ್ಣಿನಲ್ಲಿ ನೋಡಿದರು, ಆದರೆ ಮಂತ್ರ ನಿಲ್ಲಿಸಲಿಲ್ಲ. ಗಟ್ಟಿಮೇಳ ಮೊಳಗಿತು. ನನ್ನ ಕಣ್ಣಿನಲ್ಲಿ ನೀರು ಇಳಿಯುತ್ತಾ ಇತ್ತು. ಮಗಳನ್ನು ಕೊಟ್ಟ ದುಃಖವೋ, ಅಣ್ಣನ ಮೇಲಿನ ಪ್ರೀತಿಯೋ, ತುರಿಕೆ ಹೋದ ಸುಖವೋ, ನನಗೇ ಗೊತ್ತಾಗಲಿಲ್ಲ. ಧಾರೆ ಮಾತ್ರ ನನ್ನ ಕೈಯಿಂದಲೇ ಆಯಿತು.

ಊಟದ ಹೊತ್ತಿಗೆ ಡಾಕ್ಟ್ರಮ್ಮ ಸಿಕ್ಕಿ, “ತುರಿಸಬಾರದು ಅಂತ ಹೇಳಿದ್ದೆನಲ್ಲ!” ಅಂದರು.

“ನಾನು ತುರಿಸಲಿಲ್ಲ ಡಾಕ್ಟ್ರೇ. ಅಣ್ಣ.”

ಇಲ್ಲಿಗೆ ಮುಗಿಯಿತು ಅಂತ ನಾವು ಎಣಿಸಿದ್ದೆವು. ಕೆಲವು ತಿಂಗಳು ಕಳೆದು ಬೀಗರ ಮನೆಯಲ್ಲಿ ಇನ್ನೊಂದು ಮದುವೆ, ನಮ್ಮ ಅಳಿಯನ ತಂಗಿಯದ್ದು. ನಾನೂ ಅಣ್ಣನೂ ಮುಂದಿನ ಸಾಲಿನಲ್ಲಿಯೇ ಕೂತೆವು. ಧಾರೆಯ ಮುಹೂರ್ತ ಬಂತು. ಬೀಗರು ಬರಿಮೈಯಲ್ಲಿ ಕೂತಿದ್ದಾರೆ, ಬೆನ್ನು ಕನ್ನಡಿಯ ಹಾಗೆ ನುಣ್ಣಗೆ ಉಂಟು. ಆಗ ಅವರ ಅಣ್ಣ, ದೊಡ್ಡ ಪ್ರಾಯದವರು, ಮಡಿ ಉಟ್ಟು ಗಂಭೀರವಾಗಿ ನಡೆದು ಬಂದು ಹಿಂದೆ ನಿಂತರು. ಬಗ್ಗಿ ಬೀಗರ ಕಿವಿಯಲ್ಲಿ ಏನೋ ಹೇಳಿದರು. ಮತ್ತೆ ಶಾಲಿನ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ, ಮಂತ್ರದ ಲಯಕ್ಕೆ ಸರಿಯಾಗಿ, ಮೆಲ್ಲ ಮೆಲ್ಲನೆ ತುರಿಸಲು ಶುರು ಮಾಡಿದರು. ಸುತ್ತ ನಿಂತ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನಾನು ಅಣ್ಣನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ.

ಧಾರೆ ಮುಗಿದ ಕೂಡಲೇ ಬೀಗರು ನಮ್ಮಲ್ಲಿಗೇ ಬಂದರು. “ನಿಮ್ಮ ಕಡೆಯ ಆ ಕ್ರಮವನ್ನು ನಾವೂ ಇಟ್ಟುಕೊಂಡೆವು. ಮಗಳನ್ನು ಕೊಡುವಾಗ ತಮ್ಮನ ಬೆನ್ನಿಗೆ ಅಣ್ಣ ನಿಲ್ಲುವುದು! ವಿಡಿಯೋದಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕ ಇಲ್ಲ. ಅರ್ಥ ಇರುವ ಕ್ರಮ” ಅಂದರು. ಮತ್ತೆ ಧ್ವನಿ ತಗ್ಗಿಸಿ ಅಣ್ಣನಲ್ಲಿ ಕೇಳಿದರು: “ಒಂದು ಸಂಶಯ. ಅದನ್ನು ಮೇಲಿನಿಂದ ಕೆಳಗೆ ಮಾಡಬೇಕೋ, ಕೆಳಗಿನಿಂದ ಮೇಲಕ್ಕೋ? ನಮ್ಮ ಪುರೋಹಿತರಿಗೆ ಗೊತ್ತಿರಲಿಲ್ಲ.”

ಗೊತ್ತಿಲ್ಲ ಅನ್ನುವ ಮಾತು ನನ್ನ ಅಣ್ಣನ ಬಾಯಿಯಿಂದ ಈವರೆಗೆ ಬಂದದ್ದಿಲ್ಲ. ಶಾಲು ಸರಿ ಮಾಡಿಕೊಂಡು, ಹಿರಿಯರು ಹೇಳಬೇಕಾದ ಹಾಗೆ ನಿಧಾನವಾಗಿ ಹೇಳಿದ:

“ಅದು ಹೇಗಾದರೂ ಆಗ್ತದೆ. ಉಗುರು ಮಾತ್ರ ಹಿಂದಿನ ದಿನವೇ ಕತ್ತರಿಸಿರಬೇಕು. ಅದು ಕಡ್ಡಾಯ.”